ಎಲ್ಲ ರೋಬೋಟುಗಳಿಗೂ ಒಂದೇ ದನಿ

ನನ್ನ ಮಾವ ಬೊಗುಮಿಲ್ ವಾರ್ಸಾದಲ್ಲಿ ಪರದೇಶದ ಸಿನಿಮಾಗಳ ಮೂಲ ಮಾತಿನ ಮೇಲೆಯೇ ಪೋಲಿಷ್ ಅನುವಾದ ಓದುತ್ತಾರೆ. ನಾಯಕ, ನಾಯಕಿ, ಕಳ್ಳ, ಪೊಲೀಸ್, ಎಲ್ಲರಿಗೂ ಅವರೊಬ್ಬರದೇ ದನಿ, ಅದೂ ಏರಿಳಿತವಿಲ್ಲದ್ದು. ಗಂಟಲಿನ ಆಪರೇಷನ್ ಆದಮೇಲೆ ಅವರು ಓದಿದ ಮೊದಲ ಸಿನಿಮಾದ ಡಿವಿಡಿ ಇವತ್ತು ಮನೆಗೆ ಬಂತು. ಬೇರೆ ಗ್ರಹದ ದೈತ್ಯ ರೋಬೋಟುಗಳು ಭೂಮಿಗಿಳಿದು ಕಾದಾಡುವ ಕಥೆ.

"ಹಾಕಬೇಡಮ್ಮ, ದನಿ ಒಡೆದಿದ್ರೆ ನನ್ನ ಕೆಲಸಾನೇ ಮುಗೀತು," ಎಂದರು ಮಾವ.

"ಊರೆಲ್ಲಾ ಕೇಳೋದನ್ನ ನಾವು ಕೇಳ್ಬಾರ್ದಾ? ಸುಮ್ನೆ ಕೂತ್ಕೊಳ್ರಿ," ಎಂದು ಅತ್ತೆ ಗದರಿದರು. ನಾನು ಮಾವನ ಚಹಾಕ್ಕೆ ರಾಸ್‌ಬೆರಿ ಪಾಕ ಬೆರೆಸಿ ಕೊಟ್ಟು, ಡಿವಿಡಿ ಹಾಕಿಯೇಬಿಟ್ಟೆ.

ಅಬ್ಬಾ! ಸೇತುವೆ ಮುರಿಯಿತು, ಬಸ್ಸುಗಳು ಹಾರಿದವು, ನಮ್ಮ ಸೋಫಾ ಕೂಡ ನಡುಗಿತು. ನನ್ನ ಪುಟ್ಟ ಮಗಳು ಹಾನ್ಯಾ ನನ್ನ ಸ್ವೆಟರಿನೊಳಗೆ ತಲೆ ತೂರಿಸಿದಳು. ಮುಗಿಲೆತ್ತರದ ರೋಬೋಟೊಂದು ಘರ್ಜಿಸಿತು. ಆ ಘರ್ಜನೆಯ ಮೇಲೆ, ರೈಲು ತಡವಾಗಿದೆ ಎಂದು ಸಾರುವಷ್ಟು ಸಮಾಧಾನವಾಗಿ, ಮಾವನ ದನಿ ಕೇಳಿಸಿತು: "ಭೂಮಿಯನ್ನು ಸುಟ್ಟುಬಿಡುತ್ತೇನೆ."

"ನನ್ನ ಮದುವೆ ಆಗ್ತೀಯಾ ಅಂತ ಕೇಳಿದಾಗ್ಲೂ ಇದೇ ದನಿ!" ಎಂದರು ಅತ್ತೆ.

ಹಾನ್ಯಾ ತಲೆ ಹೊರಗೆ ಹಾಕಿದಳು. "ತಾತಾ, ಅದು ನೀನಾ?"

"ನಾನೇ ಕಣೇ."

"ಒಳ್ಳೇ ರೋಬೋಟು?"

"ಅದೂ ನಾನೇ."

"ಮತ್ತೆ ಜಗಳ ಯಾಕೆ?" ಎನ್ನುತ್ತಾ ಅವಳು ಮಾವನ ತೊಡೆ ಏರಿದಳು. ಕೊನೆಯ ಕಾಳಗದಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ಊರೇ ಉರುಳಿತು, ಮಾವನ ದನಿ ಮಾತ್ರ ಎಲ್ಲೂ ಒಡೆಯಲಿಲ್ಲ! ಅಲ್ಲಿಯವರೆಗೂ ರಿಮೋಟಿನ ನಿಲ್ಲಿಸುವ ಗುಂಡಿಯ ಮೇಲೇ ಇಟ್ಟುಕೊಂಡಿದ್ದ ಹೆಬ್ಬೆರಳನ್ನು ಮಾವ ಆಗ ತೆಗೆದರು.

"ಇನ್ನೊಂದ್ಸಲ ಹಾಕಮ್ಮ," ಎಂದರು. "ಇಷ್ಟೊತ್ತು ಬರೀ ನನ್ನ ದನಿ ಕೇಳ್ತಿದ್ದೆ. ಈಗ ರೋಬೋಟು ನೋಡ್ತೀನಿ."