ದರ್ಜಿಯಮ್ಮ ಕೇಳಿ ತಿಳಿದದ್ದು

ಆ ಊರಿನ ದರ್ಜಿಯಮ್ಮನಿಗೆ ಬೀದಿಯವರು ಇಟ್ಟ ಹೆಸರು 'ಪ್ರಶ್ನೆಪತ್ರಿಕೆ'. ಅಂಗಿಯ ಅಳತೆ ಕೊಡಲು ಹೋದವರು ಮಗಳ ಓದು, ಅತ್ತೆಯ ಮಂಡಿನೋವು, ಸೋರುವ ಸೂರು ಎಲ್ಲಕ್ಕೂ ಉತ್ತರ ಕೊಟ್ಟೇ ಹೊರಬರಬೇಕು. ಆಕೆಗೆ ಜಗ್ಗದೆ ಉಳಿದವನು ಗಂಡನೊಬ್ಬನೇ. ಸೈನ್ಯದಿಂದ ಮರಳಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಆತ, ಗಡಿಯ ಬೆಟ್ಟಗಳಲ್ಲಿ ಅಷ್ಟು ವರ್ಷ ಏನು ಮಾಡಿದಿರಿ ಎಂದರೆ, ಹೇಳಿದ ಕೆಲಸ ಮಾಡಿದೆ ಎಂದು ಮಾತು ತೇಲಿಸಿ ಚಕ್ರ ತಿರುಗಿಸುತ್ತ ಕೂರುತ್ತಿದ್ದ. ಆತ ತೀರಿಕೊಂಡಾಗ ದುಃಖದ ಜೊತೆಗೆ ಒಂದಿಷ್ಟು ಸಿಟ್ಟೂ ಆಕೆಯಲ್ಲಿ ಉಳಿಯಿತು.

ಮುಂದೆ ಪುರಸಭೆಯವರು ಬಸ್ ನಿಲ್ದಾಣದೆದುರಿನ ಉದ್ಯಾನದಲ್ಲಿ ಊರಿನ ಸೈನಿಕರಿಗೊಂದು ಸ್ಮಾರಕ ಕಟ್ಟಿಸಿದರು. ಮಡಿದವರು, ಮರಳಿ ಬಂದವರು, ಎಲ್ಲರ ಹೆಸರೂ ಒಂದೇ ಕರಿಕಲ್ಲಿನ ಮೇಲೆ. ಅದಕ್ಕೆ ಪರದೆ ಹೊಲಿಯುವ ಕೆಲಸ ದರ್ಜಿಯಮ್ಮನಿಗೇ ಬಂತು. ಅಳತೆ ತೆಗೆಯುವ ನೆಪದಲ್ಲಿ ಗಂಡನ ಹೆಸರಿನ ಮೇಲೆ ಬೆರಳಾಡಿಸಿದಳು. ಅದರ ಮುಂದೆ 'ಸಾಗಣೆ ದಳ' ಎಂದಷ್ಟೇ ಕೆತ್ತಿದ್ದರು. ಏನನ್ನು ಸಾಗಿಸುತ್ತಿದ್ದರು ಇವರು? ತಲೆಗೆ ಹುಳ ಬಿಟ್ಟಂತಾಯಿತು.

ಅನಾವರಣದ ದಿನ ಬೇರೆ ಊರಿನ ಮುದುಕರೊಬ್ಬರು ಬಂದು ಆ ಹೆಸರಿನ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಗಂಡನ ಜೊತೆಗಾರರೆಂದು ತಿಳಿದದ್ದೇ ತಡ, ಭಾಷಣ ಮುಗಿಯುವ ಮೊದಲೇ ಆಕೆ ಅವರನ್ನು ಮನೆಗೆ ಕರೆತಂದು, ಹೊಲಿಗೆ ಯಂತ್ರದ ಪಕ್ಕ ಕೂರಿಸಿ ಚಹಾ ಕೊಟ್ಟಳು.

"ಅಣ್ಣಾ, ಇವರು ಅಲ್ಲಿ ಏನ್ ಮಾಡ್ತಿದ್ರು?"

"ಹೇಸರಗತ್ತೆ ನಡೆಸ್ತಿದ್ದ, ಕಣಮ್ಮ."

ಗಾಡಿ ಹತ್ತದ ಬೆಟ್ಟಕ್ಕೆ ದಿನಸಿ, ಸೀಮೆಎಣ್ಣೆ, ಟಪಾಲು ಹೊರಿಸಿಕೊಂಡು ಹೋಗುವ ಕೆಲಸ. ಎತ್ತರವೆಂದರೆ ಆತನ ಜೀವ ಬಾಯಿಗೆ ಬರುತ್ತಿತ್ತಂತೆ. ಕಡಿದಾದ ದಾರಿಯಲ್ಲಿ ಕಣ್ಣುಮುಚ್ಚಿ ಹೇಸರಗತ್ತೆಯ ಬಾಲ ಹಿಡಿದು ನಡೆಯುತ್ತಿದ್ದನಂತೆ. ದರ್ಜಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟನ್ನು ಹೇಳುವುದಕ್ಕೆ ಇವರಿಗೇನು ನಾಚಿಕೆ ಎಂದಳು.

ಮುದುಕರು ಲೋಟ ಕೆಳಗಿಟ್ಟರು. "ಹತ್ತುವಾಗ ದಿನಸಿ ಇರೋದು. ಇಳಿಯುವಾಗ ಕೆಲವೊಮ್ಮೆ ಸತ್ತವರು. ನಿಮ್ಮೂರಿನ ಬೇಕರಿ ಹುಡುಗನ್ನ ಇಳಿಸಿದ್ದೂ ಅವನೇ."

ಬೇಕರಿ ಹುಡುಗನ ಹೆಸರು ಅದೇ ಕಲ್ಲಿನ ಮೇಲಿತ್ತು. ಅವನ ತಂಗಿ ಈಗಲೂ ಬೇಕರಿ ನಡೆಸುತ್ತಿದ್ದಳು. ಗಂಡ ಸಾಯುವವರೆಗೂ ಅಲ್ಲಿಂದಲೇ ಬ್ರೆಡ್ ತರುತ್ತಿದ್ದ, ಆದರೆ ಒಮ್ಮೆಯೂ ತುಟಿ ಪಿಟಕ್ಕೆಂದಿರಲಿಲ್ಲ. ಆತ ಮುಚ್ಚಿಟ್ಟದ್ದನ್ನು ತಾನು ಬಿಚ್ಚುವುದು ಸರಿಯೇ ಎಂದು ದರ್ಜಿಯಮ್ಮ ಗಳಿಗೆ ಹೊತ್ತು ಯೋಚಿಸಿದಳು. ಆಮೇಲೆ, ಒಂದು ನಿಮಿಷ ಕೂತಿರಿ ಅಣ್ಣಾ ಎಂದು ಹೇಳಿ ಬೇಕರಿಗೆ ನಡೆದಳು.

ಬೇಕರಿಯಾಕೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ ನಿಂತೇ ಕೇಳಿಸಿಕೊಂಡಳು. ಆಗ ಅವಳ ಅಣ್ಣನನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತಂದಿದ್ದರು. ಯಾರಿಗೂ ಮುಖ ಕಂಡಿರಲಿಲ್ಲ.

"ಅಕ್ಕಾ, ಅಲ್ಲೆಲ್ಲ ಹಿಮ ಅಂತಾರಲ್ಲ. ಅವನಿಗೆ ಏನಾದ್ರೂ ಹೊದಿಸಿದ್ರಾ? ಅಮ್ಮ ಕೊನೇವರೆಗೂ ಇದನ್ನೇ ಕೇಳ್ತಿದ್ಲು."

ಎಲ್ಲವನ್ನೂ ಕೇಳುವ ದರ್ಜಿಯಮ್ಮ ಇದೊಂದನ್ನು ಕೇಳಿರಲಿಲ್ಲ. ಅವಳ ಕೈಹಿಡಿದು ಸರಸರನೆ ಮನೆಗೆ ಬಂದಳು. ಮುದುಕರು ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದರು. ಬಂದವಳು ಯಾರೆಂದು ತಿಳಿದು ಮತ್ತೆ ಕೂತರು.

"ಹೊದಿಸಿದ್ವಿ ತಾಯಿ. ಕಂಬಳಿ ಕಾಲಿಗೆ ಸಾಲಲಿಲ್ಲ. ಇವಳ ಯಜಮಾನ ತನ್ನ ಕೋಟು ಬಿಚ್ಚಿ ಸುತ್ತಿದ. ಸತ್ತವನಿಗೆ ಯಾಕೋ ಅಂತ ನಾನೇ ಬೈದೆ. ನಮ್ಮೂರ ಹುಡುಗ, ಚಳಿ ತಡೆಯಲ್ಲ ಅಂದ. ಹುಡುಗ ಹೇಸರಗತ್ತೆ ಮೇಲಿಂದ ಜಾರಬಾರದು ಅಂತ, ಬಾಲ ಬಿಟ್ಟು ಪಕ್ಕದಲ್ಲೇ ಹಿಡ್ಕೊಂಡು, ನಡುಗ್ತಾ ಕೆಳಗಿನವರೆಗೂ ಬಂದ."

ಬೇಕರಿಯಾಕೆ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ದರ್ಜಿಯಮ್ಮ ಒಳಗೆ ಹೋಗಿ ಮತ್ತೆ ಚಹಾಕ್ಕಿಟ್ಟಳು. ಹೊರಬರುವಷ್ಟರಲ್ಲಿ ಬೇಕರಿಯಾಕೆ ಕಣ್ಣೊರೆಸಿಕೊಂಡು, ಆ ದಾರಿ ಹೇಗಿತ್ತು, ಹೇಸರಗತ್ತೆಗೆ ಹೆಸರಿತ್ತೇ ಎಂದೆಲ್ಲ ಮುದುಕರನ್ನು ಕೇಳತೊಡಗಿದ್ದಳು. ದರ್ಜಿಯಮ್ಮ ಗೋಡೆಗೊರಗಿ ಸುಮ್ಮನೆ ಕೇಳಿಸಿಕೊಂಡಳು. ಬಸ್ಸು ತಪ್ಪಿಯೇ ಹೋಯಿತು. ಸಂಜೆ ಬೇಕರಿಯಾಕೆಯ ಗಂಡ ಬ್ರೆಡ್ ಸಾಗಿಸುವ ವ್ಯಾನಿನಲ್ಲಿ ಮುದುಕರನ್ನು ಅವರ ಊರಿಗೆ ಬಿಟ್ಟುಬಂದ.