ಅಟ್ಲಾಂಟಾದ ಎರಡು ಮನೆಗಳು

ಅವರ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಮುಂದೆ ಕಾಲಡಿಗಿದ್ದ ರಬ್ಬರ್ ಮ್ಯಾಟು ಒಂದು ಕಡೆ ಸವೆದು ತೂತು ಬಿದ್ದಿತ್ತು. ಅದು ಅವರ ಬಲಗಾಲಿನ ಕೆಲಸ. ಅರ್ಧ ಅವರ ಮಗಳು ಕಾರು ಕಲಿಯುವಾಗ ಆಗಿದ್ದು, ಉಳಿದರ್ಧ ನಾನು ಕಲಿಯುವಾಗ. ನಾನು ಓಡಿಸುತ್ತಿದ್ದರೆ ಅವರು ಪಕ್ಕದಲ್ಲಿ ಕೂತು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿದ್ದರು. ಮುಖದಲ್ಲಿ ಮಾತ್ರ ಏನೂ ಕಾಣಿಸುತ್ತಿರಲಿಲ್ಲ. “ಚೆನ್ನಾಗೇ ಹೋಗ್ತಿದೀಯ” ಎಂದು ಮೆತ್ತಗೆ ಹೇಳುತ್ತಿದ್ದರು, ಕಾಲು ಕೆಳಗೆ ಒದ್ದಾಡುತ್ತಿತ್ತು.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯ ಬಿಳಿಯರ ಅಜ್ಜ. ನಾನು ಗದಗಿನಿಂದ ಮದುವೆಯಾಗಿ ಬಂದವಳು. ನಮ್ಮ ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಕಾರು ಬಾರದವಳಿಗೆ ಆ ಊರಿನಲ್ಲಿ ಕಾಲಿದ್ದೂ ಇಲ್ಲದ ಹಾಗೆ. ಯಾರೂ ನಡೆಯದ ರಸ್ತೆಯ ಅಂಚಿನಲ್ಲಿ ಎರಡೂ ಕೈಗೆ ಹಾಲು, ತರಕಾರಿ ಹೇರಿಕೊಂಡು ನಡೆದು ಬರುತ್ತಿದ್ದ ನನ್ನನ್ನು ಅವರು ಕಿಟಕಿಯಿಂದ ಎಷ್ಟು ದಿನ ನೋಡಿದ್ದರೋ, ಒಂದು ಶನಿವಾರ ಬಾಗಿಲಿಗೆ ಬಂದು ಕಾರಿನ ಕೀಲಿ ಮುಂದೆ ಹಿಡಿದರು. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಕ್ಯಾಲಿಫೋರ್ನಿಯಾದಲ್ಲಿದ್ದಳು. ಪಾಠಕ್ಕೆ ದುಡ್ಡು ಮುಟ್ಟಲಿಲ್ಲ. ನಾನು ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು, ಮೂಗಿನಲ್ಲಿ ನೀರು ಬರುತ್ತಿದ್ದರೂ ಬಿಡದೆ ತಿನ್ನುತ್ತಿದ್ದರು. ಹಿಂದಿನ ಕಾರಿನವರು ಹಾರ್ನ್ ಬಾರಿಸಿ ನಾನು ಗಾಬರಿಯಾದರೆ “ಅವಸರ ಇರೋದು ಅವನಿಗೆ, ನಿನಗಲ್ಲ” ಎನ್ನುತ್ತಿದ್ದರು. ಈಗಲೂ ಊರು ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಮೇಲೆ ಈ ಮಾತು ನನ್ನನ್ನು ಕಾಪಾಡುತ್ತದೆ.

ಅವರಿಗೆ ಒಂದೇ ಒಂದು ಹುಚ್ಚಿತ್ತು. ಅದು ಅವರ ಅಡ್ಡಹೆಸರು. ಮೊದಲ ದಿನವೇ ನನ್ನದನ್ನು ಕೇಳಿದರು. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದೆಲ್ಲ ಅಡ್ಡಹೆಸರು ಇರುತ್ತವೆ, ನನ್ನ ತವರಿನವರದು ಹುಣಸಿಮರದ ಎಂದು ಅರ್ಥ ಬಿಡಿಸಿ ಹೇಳಿದಾಗ ಅವರ ಮುಖ ಅರಳಿದ್ದು ನೋಡಬೇಕಿತ್ತು. ಅವರದೂ ಹಾಗೆಯೇ ಮರದ ಹೆಸರಂತೆ. ದಕ್ಷಿಣ ಜರ್ಮನಿಯಲ್ಲಿ ಒಂದು ಹಳ್ಳ, ಅದು ತಿರುಗುವ ಕಡೆ ಒಂದು ಜಾತಿಯ ಮರಗಳ ತೋಪು, ತೋಪಿನಲ್ಲಿ ಹಿಟ್ಟಿನ ಗಿರಣಿ. ಆ ತಿರುವಿಗಿದ್ದ ಹೆಸರೇ ಗಿರಣಿಯ ಮನೆತನಕ್ಕೆ ಅಂಟಿಕೊಂಡಿತು. ಅಲ್ಲಿ ಬಿಟ್ಟರೆ ಇನ್ನೆಲ್ಲೂ ಅದು ಹುಟ್ಟಲು ಸಾಧ್ಯವೇ ಇಲ್ಲ, ಆದ್ದರಿಂದ ಆ ಹೆಸರಿನವರು ಯಾರು ಸಿಕ್ಕರೂ ಆ ಗಿರಣಿಯ ಬಾಗಿಲಿನಿಂದ ಹೊರಬಂದವರೇ ಎಂದು ಅವರು ಬೆರಳು ಆಡಿಸಿ ವಾದಿಸುತ್ತಿದ್ದರು. ಈಗ ಇಡೀ ಜರ್ಮನಿಯಲ್ಲಿ ಆ ಹೆಸರಿನ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮನೆಯ ವಿಳಾಸ ಕೊಟ್ಟ ಹಾಗೆಯೇ.

ಯಾವ ಊರಿಗೆ ಹೋದರೂ ಅವರು ಮೊದಲು ಹುಡುಕುತ್ತಿದ್ದುದು ಫೋನ್ ಡೈರೆಕ್ಟರಿ. ಪೆಟ್ರೋಲ್ ಬಂಕಿನ ಫೋನ್ ಬೂತಿನಲ್ಲಿ ಸರಪಳಿ ಹಾಕಿ ಕಟ್ಟಿರುತ್ತಿದ್ದ ಪುಸ್ತಕವನ್ನು ಭೂತಗನ್ನಡಿ ಹಿಡಿದು ನೋಡಿ, “ಇಲ್ಲಿ ನಮ್ಮವರಿಲ್ಲ” ಎಂದು ಹೊರಬರುತ್ತಿದ್ದರು. ನನಗೆ ನಗು ಬರುತ್ತಿತ್ತು. ಆಮೇಲೆ ನಮ್ಮ ಲೈಬ್ರರಿಗೆ ಇಡೀ ದೇಶದ ಫೋನ್ ನಂಬರುಗಳಿದ್ದ ಕಂಪ್ಯೂಟರ್ ಡಿಸ್ಕ್ ಬಂತು. ಅಲ್ಲಿ ಹೆಸರು ಒತ್ತಿದಾಗ ಸಿಕ್ಕಿದ್ದು ಇಷ್ಟು: ರಾಕ್‌ವಿಲ್‌ನಲ್ಲಿ ಇವರೊಬ್ಬರು, ನಾರ್ತ್ ಕ್ಯಾರೊಲಿನಾದ ಒಂದೇ ಕೌಂಟಿಯಲ್ಲಿ ಒಂದು ದೊಡ್ಡ ಗುಂಪು, ಮತ್ತೆ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಎರಡು ಮನೆ. ಕ್ಯಾರೊಲಿನಾದ್ದು ಅವರಿಗೆ ಅರ್ಥವಾಯಿತು. ಜರ್ಮನಿಯಿಂದ ಬಂದ ಹಿರಿಯರು ಅಲ್ಲೇ ಮತ್ತೆ ಗಿರಣಿ ಹಾಕಿದ್ದರು, ಇವರ ಮುತ್ತಜ್ಜ ಅಲ್ಲಿಂದ ಮೇರಿಲ್ಯಾಂಡಿಗೆ ಬಂದವರು. ಅಟ್ಲಾಂಟಾ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಜಾರ್ಜಿಯಾದ ಕಡೆ ನಮ್ಮವರು ಯಾರೂ ಹೋಗಿಲ್ಲವಲ್ಲ, ಈ ಎರಡು ಮನೆ ಎಲ್ಲಿಂದ ಬಂದವು ಎಂದು ಸಿಗ್ನಲ್ಲಿನಲ್ಲಿ ನಿಂತಾಗಲೂ ತಲೆ ಕೆಡಿಸಿಕೊಳ್ಳುತ್ತಿದ್ದರು.

ಇನ್ನೊಂದು ಮಾತನ್ನೂ ಪದೇ ಪದೇ ಹೇಳುತ್ತಿದ್ದರು. ನಮ್ಮವರು ಸ್ವಂತ ಕೈಯಿಂದ ದುಡಿದವರು, ಸುತ್ತಮುತ್ತ ಎಲ್ಲರೂ ಗುಲಾಮರನ್ನು ಇಟ್ಟುಕೊಂಡಿದ್ದಾಗಲೂ ಒಬ್ಬರನ್ನೂ ಇಟ್ಟುಕೊಳ್ಳಲಿಲ್ಲ ಎಂದು. ಅವರ ತಂದೆ ಹೇಳಿದ್ದು, ತಂದೆಗೆ ಅವರ ತಂದೆ ಹೇಳಿದ್ದು. “ನಮ್ಮ ಮನೆಯಲ್ಲಿ ಈ ಹೆಸರು ಹೇಗೂ ನನ್ನ ಜೊತೆ ಮುಗಿಯುತ್ತೆ, ಮುಗಿಯುವಾಗ ಶುದ್ಧವಾಗಿ ಮುಗಿಯಲಿ” ಎಂದು ಒಮ್ಮೆ ಅಂದಿದ್ದರು. ಅವರಿಗಿದ್ದ ಆಸ್ತಿ ಅದೊಂದೇ ಎಂದು ನನಗೆ ಆಗಲೇ ಅನ್ನಿಸಿತ್ತು.

ಅಷ್ಟರಲ್ಲಿ ಅವರ ಕಣ್ಣು ಮಂಜಾಗತೊಡಗಿತ್ತು. ಕ್ಯಾರೊಲಿನಾಕ್ಕೆ ಹೋಗಲೇಬೇಕು, ಓಡಿಸಲು ಆಗದು. ನನಗೆ ಲೈಸೆನ್ಸ್ ಬಂದಿತ್ತು, ಹೈವೇ ಅಭ್ಯಾಸ ಆಗಬೇಕಿತ್ತು. ಇಬ್ಬರಿಗೂ ಅನುಕೂಲ ಎಂದು ನಾನು ಹೇಳಿದರೆ ನಮ್ಮ ಮನೆಯವರು ಊಟದ ತಾಟು ಸರಿಸಿ ನನ್ನ ಮುಖ ನೋಡಿದರು. “ನಿನಗ ಹೈವೇ ಬರಂಗಿಲ್ಲ, ಅವರಿಗೆ ಕಣ್ಣು ಕಾಣಂಗಿಲ್ಲ. ಇಬ್ಬರೂ ಕೂಡಿ ಎಲ್ಲಿಗೆ ಹೊಂಟೀರಿ?” ಎಂದರು. ಕಡೆಗೆ ಹ್ಞೂಂ ಎಂದವರೂ ಅವರೇ.

ಹೋದೆವು. ದಾರಿಯುದ್ದಕ್ಕೂ ಅಟ್ಲಾಂಟಾದ ಎರಡು ಮನೆಗಳದೇ ಮಾತು. ಮೋಟೆಲ್ಲಿನಲ್ಲಿ ಡೈರೆಕ್ಟರಿ ತೆಗೆದು ಅವರ ಹೆಸರಿನವರನ್ನೆಲ್ಲ ನಾನು ಒಂದೊಂದಾಗಿ ಓದಿದೆ. ಅವರು ಹಾಸಿಗೆಯ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳಿದರು, ಇನ್ನೊಮ್ಮೆ ಓದು ಎಂದರು. ಮೊದಲನೆಯ ನಂಬರಿಗೆ ನಾನೇ ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿದರು. ವಿಷಯ ಕೇಳಿ ನಕ್ಕು, ನಾಳೆ ಭಾನುವಾರ, ಚರ್ಚ್ ಮುಗಿದ ಮೇಲೆ ಎಲ್ಲರೂ ನಮ್ಮ ಅಮ್ಮನ ಅಂಗಳದಲ್ಲೇ ಊಟ ಮಾಡುವುದು, ನೀವೂ ಬನ್ನಿ ಎಂದರು.

ಮರುದಿನ ಆ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅಂಗಳದ ತುಂಬ ಜನ. ಎಲ್ಲರೂ ಕಪ್ಪು ಜನ. ಅಜ್ಜ ಬಾಗಿಲು ತೆರೆಯದೆ, ಮನೆ ನಂಬರ್ ಸರಿಯಾಗಿ ಓದಿದೆಯಾ ಎಂದು ಪಿಸುಗುಟ್ಟಿದರು. ಸರಿಯಾಗಿಯೇ ಓದಿದ್ದೆ. ಅಂಚೆ ಡಬ್ಬಿಯ ಮೇಲೆ ಅವರ ಅಡ್ಡಹೆಸರು ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು.

ಅಜ್ಜ ಏನೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಟೊಪ್ಪಿಗೆ ತೆಗೆದು ಎಲ್ಲರ ಕೈ ಕುಲುಕಿದರು. ಆ ಮನೆಯವರು ನಮಗೆ ಕುರ್ಚಿ ಹಾಕಿದರು, ಸಕ್ಕರೆ ಸುರಿದ ತಣ್ಣನೆಯ ಚಹಾ ಕೊಟ್ಟರು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಫೋನಿನಲ್ಲಿ ಮಾತಾಡಿದ್ದ ಆ ಹೆಂಗಸು ಜೋಳದ ಬ್ರೆಡ್ಡು, ಬೇಯಿಸಿದ ಗೆಣಸು ತಂದಿಟ್ಟರು. ನಡುವೆ ಅವರ ತಾಯಿ ಕೂತಿದ್ದರು. ತೊಂಬತ್ತು ದಾಟಿದ ಜೀವ, ಚರ್ಚಿನ ಬಿಳಿ ಟೊಪ್ಪಿಗೆ ಇನ್ನೂ ತಲೆಯ ಮೇಲಿತ್ತು. ಗಿರಣಿಯ ಮಾತು ಆ ಅಜ್ಜಿಯೇ ತೆಗೆದರು. ಗಿರಣಿಗೆ ಕಲ್ಲು ಹೊತ್ತವರು, ಕಾಲುವೆ ತೋಡಿದವರು ತಮ್ಮ ಹಿರಿಯರು, ಗಿರಣಿಯವರ ಗುಲಾಮರು ಎಂದು ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು. ತಮ್ಮ ಅಜ್ಜಿಯ ಅಣ್ಣನನ್ನು ಗಿರಣಿಯವರು ಜಾರ್ಜಿಯಾಕ್ಕೆ ಮಾರಿದರು ಎಂದರು.

“ಬಿಡುಗಡೆ ಆದಾಗ ಯಾವ ಹೆಸರು ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ನಮ್ಮ ಮುತ್ತಜ್ಜಿ ಇದನ್ನೇ ಇಟ್ಟುಕೊಂಡಳು. ಇನ್ಯಾರಿಗೂ ಇಲ್ಲದ ಹೆಸರು ನೋಡಿ. ಮಾರಿಹೋದ ಮಗ ಕೇಳಿಕೊಂಡು ಬಂದರೆ ನಾವು ಸಿಗ್ತೀವಿ ಅಂತ.”

ಮಗ ಬರಲಿಲ್ಲ. ಜಾರ್ಜಿಯಾದ ಸವಾನ್ನಾ ಊರಿಗೆ ಮಾರಿದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಇವರ ಹುಡುಗರು ಅಲ್ಲೆಲ್ಲ ಕೇಳಿ ಬರಿಗೈಯಲ್ಲಿ ವಾಪಸಾಗಿದ್ದರು. ಅಜ್ಜಿ ಮುಂದಕ್ಕೆ ಬಾಗಿ ಅಜ್ಜನ ಮೊಣಕಾಲಿನ ಮೇಲೆ ಕೈಯಿಟ್ಟರು. “ನೀವು ಎಲ್ಲ ಊರಲ್ಲೂ ಈ ಹೆಸರು ಹುಡುಕ್ತೀರಂತೆ. ಜಾರ್ಜಿಯಾ ಕಡೆ ಯಾರಾದರೂ ಸಿಕ್ಕರಾ?”

ನಾನು ಅಜ್ಜನ ಮುಖ ನೋಡಿದೆ. ಅವರು ಚಹಾದ ಲೋಟ ನೋಡುತ್ತಿದ್ದರು.

“ಇಲ್ಲ” ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಇದು ಬೇರೆ ಯಾವುದೋ ಮನೆತನ ಇರಬಹುದು, ಹೆಸರುಗಳು ಒಮ್ಮೊಮ್ಮೆ ಕಾಕತಾಳೀಯವಾಗಿ ಒಂದೇ ಆಗಿಬಿಡುತ್ತವೆ ಎಂದರು. ಇನ್ನೆಲ್ಲೂ ಹುಟ್ಟಲು ಸಾಧ್ಯವೇ ಇಲ್ಲ ಎಂದು ನನ್ನ ಕಿವಿ ತೂತು ಬೀಳುವಷ್ಟು ಹೇಳಿದ್ದ ಮನುಷ್ಯ! ಅಜ್ಜಿ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನಾನಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಗುರುವಿನಂಥವರನ್ನು ಅವರ ಎದುರಿಗೇ ಸುಳ್ಳುಗಾರ ಮಾಡುವುದು ಹೇಗೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನನ್ನ ಕೈಯಲ್ಲಿ ಆ ಮನೆಯವರು ಕೊಟ್ಟ ಗೆಣಸು ಇನ್ನೂ ಬೆಚ್ಚಗಿತ್ತು.

ವಾಪಸು ಬರುವಾಗ ಅವರು ಯಾವ ಊರಿನಲ್ಲೂ ಡೈರೆಕ್ಟರಿ ಕೇಳಲಿಲ್ಲ. ಲಾರಿಗಳ ನಡುವೆ ನಾನು ಹೇಗೆ ನುಗ್ಗಿದರೂ ಅವರ ಕಾಲು ಅಲುಗಲಿಲ್ಲ. ಅಟ್ಲಾಂಟಾದ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ರಸ್ತೆ ನೋಡು ಎಂದಷ್ಟೇ ಅಂದರು.

ಆ ಚಳಿಗಾಲ ಅವರು ನಮ್ಮ ಮನೆಯ ಕಡೆ ಬರಲಿಲ್ಲ. ನಾನೂ ಹೋಗಲಿಲ್ಲ. ಚಟ್ನಿಪುಡಿಯ ಡಬ್ಬಿ ಅವರ ಮೆಟ್ಟಿಲ ಮೇಲಿಟ್ಟು ಬಂದರೆ ಎರಡು ದಿನ ಅಲ್ಲೇ ಇತ್ತು. ಹಿಮ ಕರಗುವ ಹೊತ್ತಿಗೆ ಒಂದು ಮಧ್ಯಾಹ್ನ ಬಂದು ನಮ್ಮ ಅಡಿಗೆಮನೆಯಲ್ಲಿ ಕೂತರು. ಇಳಿದುಹೋಗಿದ್ದರು. ಅಟ್ಲಾಂಟಾಕ್ಕೆ ಫೋನ್ ಮಾಡಿದ್ದರಂತೆ. ಎತ್ತಿದವರು, ತಮ್ಮ ಹಿರಿಯನನ್ನು ಕ್ಯಾರೊಲಿನಾದ ಒಂದು ಗಿರಣಿಯಿಂದ ಮಾರಿ ತಂದಿದ್ದರು, ಅಲ್ಲಿ ಅವನಿಗೆ ಒಬ್ಬ ತಂಗಿ ಇದ್ದಳಂತೆ ಎಂದು ತಾವಾಗಿಯೇ ಹೇಳಿದರಂತೆ.

“ಹೌದು ಅಂದಿದ್ದರೆ ನಮ್ಮವರು ಮನುಷ್ಯರನ್ನ ಮಾರಿದ್ದು ನಿಜ ಅಂತ ಆಗ್ತಿತ್ತು. ಇಲ್ಲ ಅಂದರೆ ಮಾರಿದ್ದೇ ಸುಳ್ಳಾಗುತ್ತೆ ಅಂದುಕೊಂಡೆ” ಎಂದರು. ಆಮೇಲೆ ಅತ್ತರು. ಗಂಡಸರು ಅಳುವುದನ್ನು ನಾನು ನೋಡಿದ್ದೆ, ನಾಚಿಕೆಗೆ ಅಳುವುದನ್ನು ನೋಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಕಾಫಿ ಬಿಸಿ ಮಾಡುತ್ತಾ ನಿಂತೆ.

ಅಜ್ಜಿಗೆ ಫೋನಿನಲ್ಲಿ ಹೇಳುವ ಮಾತಲ್ಲ, ಎದುರಿಗೆ ನಿಂತೇ ಹೇಳಬೇಕು ಎಂದರು. ಅದೇ ವಾರ ಹೊರಟೆವು. ಬಾಗಿಲಿಗೆ ಬಂದ ಮಗಳು, ಅಮ್ಮ ಕ್ರಿಸ್‌ಮಸ್ ಆದಮೇಲೆ ತೀರಿಕೊಂಡರು ಎಂದರು. ಅಜ್ಜ ಅಲ್ಲೇ ಜಗಲಿಯ ಕಂಬ ಹಿಡಿದುಕೊಂಡರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನಿಂತೇ ಹೇಳಿದರು: “ನಿಮ್ಮ ತಾಯಿ ಕೇಳಿದಾಗ ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಅಂದೆ.” ಅಟ್ಲಾಂಟಾದ ನಂಬರ್ ಬರೆದ ಚೀಟಿ ಕೊಟ್ಟರು.

ಆಕೆ ಚೀಟಿ ಹಿಡಿದು ಒಳಗೆ ಹೋದರು. ಜಾಲರಿ ಬಾಗಿಲಿನಾಚೆ ಫೋನ್ ಮಾಡುವುದು ಕೇಳಿಸಿತು. ತಾನು ಯಾರು, ತಾಯಿ ಯಾರು, ತಾಯಿಯ ಅಜ್ಜಿ ಯಾರು ಎಂದು ಹೇಳುತ್ತಾ ಹೋದ ಆ ದನಿ ನಡುವೆ ಒಡೆಯಿತು, ಮತ್ತೆ ನಕ್ಕಿತು. ತುಂಬ ಹೊತ್ತು ಮಾತಾಡಿದರು. ಹೋಗೋಣ ಎಂದು ನಾನು ಅಜ್ಜನ ತೋಳು ಮುಟ್ಟಿದೆ. ಅವರು ಅಲ್ಲಾಡಲಿಲ್ಲ.

ಆಕೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. “ಬೇಸಿಗೆಯಲ್ಲಿ ಎಲ್ಲರೂ ಇಲ್ಲಿಗೆ ಬರ್ತಾರಂತೆ” ಎಂದರು. ಅಜ್ಜನನ್ನು ನೇರವಾಗಿ ನೋಡಿ, “ನೀವು ಬರಬೇಡಿ” ಎಂದರು.

ಅಜ್ಜ ತಲೆಯಾಡಿಸಿದರು. ಕಾರಿನಲ್ಲಿ ನನಗೆ ಸಿಟ್ಟು ಬಂದಿತ್ತು, ಇಷ್ಟು ದೂರ ಬಂದವರಿಗೆ ಹೀಗನ್ನಬಹುದೇ ಎಂದೆ. ಅವರು ನನ್ನ ಬಾಯಿ ಮುಚ್ಚಿಸಿದರು. ಆಕೆ ಹೇಳಿದ್ದು ಸರಿ, ಅದನ್ನು ಮೆತ್ತಗೆ ಮಾಡಲು ಹೋಗಬೇಡ ಎಂದರು. ಆಮೇಲೆ ಅವರು ಬದುಕಿದ್ದಷ್ಟು ದಿನ, ಯಾರು ಹೆಸರಿನ ಮೂಲ ಕೇಳಿದರೂ ಜರ್ಮನಿಯ ಹಳ್ಳದಿಂದ ಶುರುಮಾಡಿ, ಗಿರಣಿ, ಗುಲಾಮರು, ಜಾರ್ಜಿಯಾಕ್ಕೆ ಮಾರಿದ ಅಣ್ಣ, ಅಜ್ಜಿಗೆ ತಾವು ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿಯೇ ಮುಗಿಸುತ್ತಿದ್ದರು. ಕೇಳಿದವರಿಗೆ ಮುಜುಗರವಾಗುತ್ತಿತ್ತು. ಅವರು ಬಿಡುತ್ತಿರಲಿಲ್ಲ. ಹಾಗೆ ಹೇಳುವುದು ಎಷ್ಟು ಕಷ್ಟ ಎಂಬುದನ್ನು ಹತ್ತಿರದಿಂದ ಕಂಡವಳು ನಾನು, ಕಾರು ಓಡಿಸುವುದನ್ನು ಕಲಿಸಿದ್ದಕ್ಕಿಂತ ದೊಡ್ಡ ಋಣ ಅದು.

ಇನ್ನೊಂದು ಚಳಿಗಾಲ ಅವರು ದಾಟಲಿಲ್ಲ. ಅವರು ತೀರಿಕೊಂಡಾಗ ನಾನೇ ಕ್ಯಾರೊಲಿನಾಕ್ಕೆ ಫೋನ್ ಮಾಡಿದೆ. ಅವರ ಕಡೆಯವರು ಯಾರಿದ್ದಾರೆ ಎಂದು ಆಕೆ ಕೇಳಿದರು. ಮಗಳು ಬಂದಿದ್ದಾಳೆ, ಆ ಹೆಸರಿನವರು ಈ ಕಡೆ ಇನ್ನು ಯಾರೂ ಇಲ್ಲ ಎಂದೆ. ಸಂಸ್ಕಾರ ಯಾವತ್ತು, ಎಷ್ಟು ಹೊತ್ತಿಗೆ ಎಂದರು. ಹೇಳಿದೆ. ಫೋನ್ ಇಟ್ಟರು.

ಆವತ್ತು ಪ್ರಾರ್ಥನೆ ನಡೆಯುತ್ತಿದ್ದಷ್ಟು ಹೊತ್ತೂ ನಾನು ತಿರುತಿರುಗಿ ಬಾಗಿಲನ್ನೇ ನೋಡುತ್ತಿದ್ದೆ. ಕ್ಯಾರೊಲಿನಾದಿಂದ ಯಾರೂ ಬರಲಿಲ್ಲ. ಬರಬೇಕಿತ್ತು ಎಂದು ಮೊದಲು ಮನಸ್ಸಿಗೆ ಬಂತು. ಆಮೇಲೆ, ಅವರು ಬಂದು ನಮ್ಮ ತಪ್ಪಿನ ಭಾರ ಹಗುರ ಮಾಡಿ ಹೋಗಲಿ ಎಂದು ಕಾಯುತ್ತಾ ಕೂತಿದ್ದೇನಲ್ಲ ಎಂದು ಹೊಳೆದು, ಆ ಮಂದಿಯ ನಡುವೆ ನನಗೆ ತಲೆ ಎತ್ತಲಾಗಲಿಲ್ಲ.