ಪಕ್ಕದ ಜಾಗ

ನಮ್ಮ ಬೀದಿಯ ಹಾಸಿಗೆಯವನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸೀನು ಗ್ಯಾರಂಟಿ. ಗಾಳಿಯಲ್ಲೆಲ್ಲ ಹತ್ತಿಯ ನಾರು. ಅವನು ಹತ್ತಿ ಹಿಂಜಿ ತುಂಬಬೇಕು, ಹೆಂಡತಿ ಅಂಚು ಹೊಲಿಯಬೇಕು. ಮದುವೆಯಾದಂದಿನಿಂದ ಅದೇ ಕ್ರಮ. ಇಬ್ಬರದೂ ಬೇರೆ ಬೇರೆ ಧರ್ಮ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಈ ಗೋಡೆಗೆ, ಅವಳು ಆ ಗೋಡೆಗೆ ಮುಖ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಪ್ರಾರ್ಥಿಸುತ್ತಿದ್ದರು. “ಅಷ್ಟು ಹೊತ್ತಾದ್ರೂ ಇವರ ಮುಖ ನೋಡೋದು ತಪ್ಪುತ್ತೆ” ಎಂದು ಅವಳು ನಗುತ್ತಿದ್ದಳು.

ಹೋದ ಚಳಿಗಾಲ ಅವಳು ತೀರಿಕೊಂಡಳು. ಅವಳ ಧರ್ಮದವರ ಜಾಗದಲ್ಲೇ ಮಣ್ಣು ಮಾಡಿದರು. ಅಲ್ಲಿ ಬೇರೆಯವರನ್ನು ಹೂಳುವಂತಿಲ್ಲ. ಅವಳ ತಮ್ಮ ಒಳ್ಳೆಯವನೇ. ಹಿರಿಯರ ಕೈಕಾಲು ಹಿಡಿದು, ಅಕ್ಕನ ಪಕ್ಕದ ಜಾಗವನ್ನು ಭಾವನಿಗೆಂದು ಉಳಿಸಿಕೊಂಡಿದ್ದ. ಭಾವ ಅವರ ಧರ್ಮಕ್ಕೆ ಸೇರಬೇಕು, ಅಷ್ಟೇ. ಒಂದು ವಾರದೊಳಗೆ ಉತ್ತರ ಹೇಳಬೇಕಿತ್ತು.

ತಮ್ಮ ಅದನ್ನು ಕೇಳಲು ಬಂದಾಗ ಎದುರು ಅಂಗಡಿಯವನಾದ ನಾನೂ ಅಲ್ಲಿದ್ದೆ.

“ಭಾವ, ಯಾವ ಧರ್ಮವೂ ಹೆಚ್ಚಲ್ಲ ಕಡಿಮೆಯಲ್ಲ ಅಂತ ನೀವೇ ಹೇಳ್ತಿದ್ರಿ. ಹಾಗಿದ್ಮೇಲೆ ಬದಲಾಯಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಇಲ್ಲಾ, ಒಳಗೊಳಗೇ ನಿಮ್ಮದೇ ದೊಡ್ಡದಾ?”

ಕೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಅದಕ್ಕೇ ಮೈ ಉರಿಯಿತು. ಹೂಂ ಅಂದುಬಿಡು ಮಾರಾಯ ಎಂದೂ ಅನ್ನಿಸಿತು. ಹಾಸಿಗೆಯವನು ಕೈಯಲ್ಲಿದ್ದ ಹತ್ತಿ ಕೆಳಗಿಟ್ಟ.

“ದೊಡ್ಡದು ಅಂತಲ್ಲಪ್ಪಾ. ಚಿಕ್ಕಂದಿನಿಂದ ಬಾಯಿಗೆ ಬಂದಿರೋ ಪ್ರಾರ್ಥನೆ ಅದು. ನಿನ್ನ ಅಕ್ಕನ ಉಸಿರು ನಿಂತಾಗ ಅದನ್ನೇ ಹೇಳ್ಕೊಂಡು ಅತ್ತಿದ್ದೆ. ಅವಳು ಒಂದು ದಿನಾನಾದ್ರೂ ನನ್ನನ್ನ ಆ ಗೋಡೆ ಕಡೆ ತಿರುಗು ಅಂದ್ಲಾ?”

“ಬಾಯಿಮಾತಿಗೆ ಒಪ್ಪಿದ್ರೆ ಸಾಕು ಭಾವ. ಮನಸ್ಸಲ್ಲಿ ಏನಿದೆ ಅಂತ ಯಾರು ನೋಡ್ತಾರೆ?”

“ಅವಳು ನೋಡ್ತಾಳಲ್ಲ! ನನ್ನ ಸುಳ್ಳು ಯಾವತ್ತು ಅವಳ ಹತ್ರ ನಡೆದಿದೆ? ಸುಳ್ಳು ಹೇಳಿ ಪಕ್ಕಕ್ಕೆ ಹೋಗಿ ಮಲಗಿದ್ರೆ, ಆ ಕಡೆ ಮಗ್ಗುಲಾಗ್ತಾಳೆ ಅಷ್ಟೇ.”

ಹೇಳಿದವನು ನಗಲು ಹೋಗಿ ಗೊಳೋ ಎಂದು ಅತ್ತುಬಿಟ್ಟ. ಭಾವನ ಭುಜ ಹಿಡಿದುಕೊಂಡು ತಮ್ಮನೂ ಅತ್ತ. ನನಗೂ ತಡೆಯಲಾಗಲಿಲ್ಲ.

ಆ ಜಾಗಕ್ಕೆ ಬೇರೆ ಯಾರೋ ಬಂದರು. ಸುದ್ದಿ ತಿಳಿದ ದಿನ ಅವನು ತಮ್ಮಿಬ್ಬರ ಹಾಸಿಗೆಯನ್ನು ಅಂಗಡಿಗೆ ಎಳೆದು ತಂದು, ಒಂದು ಬದಿ ಬಿಚ್ಚಿ, ಅರ್ಧ ಹತ್ತಿ ತೆಗೆದು, ಅರ್ಧ ಬಟ್ಟೆ ಕತ್ತರಿಸಿ, ಒಬ್ಬರ ಹಾಸಿಗೆ ಮಾಡಿಕೊಂಡ. ಬಿಚ್ಚಿದ ಅಂಚನ್ನು ತಾನೇ ಹೊಲಿದ. ಅವನಿಗೆ ಆ ಕೆಲಸ ಬಾರದು, ಸೊಟ್ಟಸೊಟ್ಟಗಿದೆ. ಉಳಿದ ಅಂಚುಗಳು ಅವಳು ಹೊಲಿದಂತೆಯೇ ಇವೆ. ರಾತ್ರಿ ಅವಳು ಹೊಲಿದ ಅಂಚಿನ ಕಡೆಗೇ ಮುಖ ಮಾಡಿ ಮಲಗುತ್ತೇನೆ ಎಂದು ನನ್ನೊಬ್ಬನ ಹತ್ತಿರ ಹೇಳಿದ.